ಮೆದುಳಿನ ಕಾವಲು ದಾಟುವ ಔಷಧ: ಅಲ್ಟ್ರಾಸೌಂಡ್ ಮಾಡುವುದೇನು?

ಕಳೆದ ತಿಂಗಳು ಜುಮಾ ಮುಗಿಸಿ ಹೊರಬರುತ್ತಿದ್ದಾಗ ಪರಿಚಯದ ಹಾಜಿಯವರೊಬ್ಬರು ಸಲಾಂ ಹೇಳಿ ಪಕ್ಕಕ್ಕೆ ಕರೆದರು. ಅವರ ಅಳಿಯನಿಗೆ ಮೆದುಳಿನಲ್ಲಿ ಗಡ್ಡೆ. ಆಪರೇಷನ್ ಆಗಿದೆ, ರೇಡಿಯೇಶನ್ ನಡೆಯುತ್ತಿದೆ. "ಕೈಗೆ ಚುಚ್ಚಿದ ಔಷಧ ಇಡೀ ಮೈಗೆ ಹೋಗುತ್ತದೆ. ತಲೆಗೆ ಮಾತ್ರ ಸರಿಯಾಗಿ ಹೋಗುವುದಿಲ್ಲ ಅಂತಾರಲ್ಲ ಡಾಕ್ಟ್ರು, ಅದು ಯಾಕೆ?" ಎಂದು ಕೇಳಿದರು. ಮೊಬೈಲಿಗೆ ಬಂದ ಒಂದು ವಿಡಿಯೋವನ್ನೂ ತೋರಿಸಿದರು. ಅಲ್ಟ್ರಾಸೌಂಡ್ ಯಂತ್ರದಿಂದ ಮೆದುಳಿನ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಅದರಲ್ಲಿ ಹೇಳಿದ್ದರು. ಆ ವಿಡಿಯೋ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅಂತಹ ರೋಗಿ ಇರುವ ಮನೆಗಳು ನಮ್ಮಲ್ಲಿ ಇನ್ನೂ ಇರುವುದರಿಂದ ವಿಷಯವನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಹಾಜಿಯವರ ಮೊದಲ ಪ್ರಶ್ನೆ ಬಹಳ ಹಳೆಯದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜರ್ಮನಿಯ ವಿಜ್ಞಾನಿ ಪಾಲ್ ಎಹ್ರ್‌ಲಿಖ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿ ನೋಡಿದರು. ಎಲ್ಲ ಅಂಗಗಳಿಗೂ ಬಣ್ಣ ಹತ್ತಿತು, ಮೆದುಳು ಮಾತ್ರ ಬಿಳಿಯಾಗಿಯೇ ಉಳಿಯಿತು. ಮೆದುಳಿಗೆ ಬಣ್ಣ ಹಿಡಿಯುವ ಗುಣವಿಲ್ಲ ಎಂದು ಅವರು ಭಾವಿಸಿದರು. 1913ರಲ್ಲಿ ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ ಬಣ್ಣವನ್ನು ನೇರವಾಗಿ ಮೆದುಳಿನ ಸುತ್ತಲಿನ ದ್ರವಕ್ಕೇ ಹಾಕಿದಾಗ ಮೆದುಳಿಗೆ ಚೆನ್ನಾಗಿ ಬಣ್ಣ ಹತ್ತಿತು, ಆದರೆ ಉಳಿದ ದೇಹಕ್ಕೆ ಹೋಗಲಿಲ್ಲ. ಅಂದರೆ ರಕ್ತಕ್ಕೂ ಮೆದುಳಿಗೂ ನಡುವೆ ಒಂದು ತಡೆ ಇದೆ ಎಂದಾಯಿತು.

ಆ ತಡೆ ಇರುವುದು ರಕ್ತನಾಳದ ಗೋಡೆಯಲ್ಲೇ. ದೇಹದ ಬೇರೆ ಕಡೆ ಸಣ್ಣ ರಕ್ತನಾಳಗಳ ಗೋಡೆಯ ಕಣಗಳ ನಡುವೆ ಸಂದುಗಳಿರುತ್ತವೆ, ಅವುಗಳ ಮೂಲಕ ಔಷಧ ಹೊರಗೆ ಜಿನುಗುತ್ತದೆ. ಮೆದುಳಿನಲ್ಲಿ ಆ ಕಣಗಳು ಒಂದಕ್ಕೊಂದು ಹೊಲಿದಂತೆ ಬಿಗಿಯಾಗಿ ಕೂಡಿಕೊಂಡಿವೆ. ಆಮ್ಲಜನಕ ಸಲೀಸಾಗಿ ಒಳಗೆ ಹೋಗುತ್ತದೆ. ಸಕ್ಕರೆಗೆ ಅದರದ್ದೇ ಬಾಗಿಲಿದೆ. ಉಳಿದ ಹೆಚ್ಚಿನ ವಸ್ತುಗಳಿಗೆ ಪ್ರವೇಶವಿಲ್ಲ, ನುಸುಳಿದ ಕೆಲವನ್ನು ಮತ್ತೆ ರಕ್ತಕ್ಕೆ ದೂಡುವ ವ್ಯವಸ್ಥೆಯೂ ಇದೆ. ಇದು ದೋಷವಲ್ಲ, ರಕ್ಷಣೆ. ನಾವು ತಿಂದುಂಡ ಎಲ್ಲದರ ಅಂಶವೂ ಮೆದುಳಿಗೆ ನುಗ್ಗಿದರೆ ಒಂದು ದಿನ ನೆಟ್ಟಗೆ ಯೋಚಿಸಲಿಕ್ಕೂ ಆಗದು.

ಈ ಕಾವಲಿನ ಕೆಲಸವನ್ನು ನೀವು ಮನೆಯಲ್ಲೇ ಕಂಡಿದ್ದೀರಿ. ತುರಿಕೆಗೆ ಅವಿಲ್ ಮಾತ್ರೆ ನುಂಗಿದರೆ ಕಣ್ಣು ಎಳೆಯುತ್ತದೆ, ಏಕೆಂದರೆ ಅದು ಮೆದುಳಿನೊಳಗೆ ದಾಟುತ್ತದೆ. ಅದೇ ಕೆಲಸಕ್ಕೆ ಬಂದ ಹೊಸ ಮಾತ್ರೆ ಫೆಕ್ಸೊಫೆನಡಿನ್ ಅಷ್ಟಾಗಿ ದಾಟುವುದಿಲ್ಲ, ನಿದ್ದೆಯೂ ಬರುವುದಿಲ್ಲ. ಪಾರ್ಕಿನ್ಸನ್ ರೋಗದಲ್ಲಿ ಮೆದುಳಿಗೆ ಡೋಪಮಿನ್ ಕಡಿಮೆಯಾಗುತ್ತದೆ. ಆದರೆ ಡೋಪಮಿನ್ ಕೊಟ್ಟರೆ ಅದು ಹೊರಗೇ ನಿಲ್ಲುತ್ತದೆ. ಹಾಗಾಗಿ ದಾಟಬಲ್ಲ ಲೆವೊಡೋಪ ಕೊಡುತ್ತಾರೆ, ಅದು ಒಳಗೆ ಹೋಗಿ ಡೋಪಮಿನ್ ಆಗುತ್ತದೆ. ಮೆದುಳಿನ ಪೊರೆಗೆ ಟಿ.ಬಿ. ತಗುಲಿದಾಗ ರಿಫಾಂಪಿಸಿನ್ ಮಾತ್ರೆ ಒಳಗೆ ತಲುಪುವುದು ಕಡಿಮೆ, ಐಸೋನಿಯಾಜಿಡ್ ಚೆನ್ನಾಗಿ ತಲುಪುತ್ತದೆ.

ಮೆದುಳಿನ ಗಡ್ಡೆಯಲ್ಲಿ ಇದು ದೊಡ್ಡ ಸಮಸ್ಯೆ. ಗ್ಲಿಯೋಬ್ಲಾಸ್ಟೋಮಾ ಎಂಬ ಉಗ್ರ ಗಡ್ಡೆಯ ನಡುಭಾಗದಲ್ಲಿ ರಕ್ತನಾಳಗಳು ಹಾಳಾಗಿ ಸೋರುತ್ತಿರುತ್ತವೆ. ಎಂ.ಆರ್.ಐ.ಗೆ ಮೊದಲು ಕೊಡುವ ಇಂಜೆಕ್ಷನ್ ಅಲ್ಲಿ ಬೆಳ್ಳಗೆ ಹೊಳೆಯುವುದು ಅದರಿಂದಲೇ. ಆ ಭಾಗವನ್ನು ಸರ್ಜನ್ ತೆಗೆಯುತ್ತಾರೆ. ಆದರೆ ಕ್ಯಾನ್ಸರ್ ಕಣಗಳು ಬೇರಿನಂತೆ ಸುತ್ತಲಿನ ಒಳ್ಳೆಯ ಮೆದುಳಿಗೆ ಹರಡಿರುತ್ತವೆ, ಅಲ್ಲಿ ಕಾವಲು ಗಟ್ಟಿಯಾಗಿಯೇ ಇರುತ್ತದೆ. ಔಷಧ ತಲುಪದ ಆ ಅಂಚಿನಿಂದಲೇ ಗಡ್ಡೆ ಹೆಚ್ಚಾಗಿ ಮತ್ತೆ ಹುಟ್ಟುತ್ತದೆ. "ಎಲ್ಲಾ ತೆಗೆದಿದ್ದೇವೆ ಅಂದಿದ್ದರಲ್ಲ, ಮತ್ತೆ ಹೇಗೆ ಬಂತು?" ಎಂದು ಮನೆಯವರು ಕೇಳುವ ಪ್ರಶ್ನೆಗೆ ಉತ್ತರ ಇಲ್ಲಿದೆ. ಅದು ಸರ್ಜನ್‌ರ ತಪ್ಪಲ್ಲ.

ಕಾವಲನ್ನು ಸಡಿಲಿಸಲು ಹಿಂದೆಯೂ ಪ್ರಯತ್ನಗಳಾಗಿವೆ. ಕುತ್ತಿಗೆಯ ರಕ್ತನಾಳಕ್ಕೆ ಗಟ್ಟಿ ಮ್ಯಾನಿಟಾಲ್ ದ್ರಾವಣ ಬಿಟ್ಟರೆ ಆ ಕಣಗಳು ನೀರು ಕಳೆದುಕೊಂಡು ಕುಗ್ಗಿ ಸಂದು ಬಿಡುತ್ತವೆ. ಆದರೆ ಬೇಕಾದ ಜಾಗ ಮಾತ್ರವಲ್ಲ, ಆ ನಾಳ ರಕ್ತ ಕೊಡುವ ದೊಡ್ಡ ಭಾಗವೇ ತೆರೆದುಕೊಳ್ಳುತ್ತದೆ.

2001ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಕುಲ್ಲೆರ್ವೊ ಹ್ಯುನಿನೆನ್ ಮತ್ತು ಸಂಗಡಿಗರು ಮೊಲಗಳಲ್ಲಿ ಬೇರೊಂದು ದಾರಿ ತೋರಿಸಿದರು. ಹೃದಯದ ಎಕೋ ಪರೀಕ್ಷೆಯಲ್ಲಿ ಚಿತ್ರ ಸ್ಪಷ್ಟವಾಗಲು ಕೆಲವೊಮ್ಮೆ ರಕ್ತಕ್ಕೆ ಅತಿಸಣ್ಣ ಅನಿಲದ ಗುಳ್ಳೆಗಳನ್ನು ಬಿಡುತ್ತಾರೆ. ಕೆಂಪು ರಕ್ತಕಣದಷ್ಟು ಅಥವಾ ಅದಕ್ಕಿಂತ ಚಿಕ್ಕ ಗುಳ್ಳೆಗಳವು, ಮೇಲೆ ತೆಳು ಪೊರೆ. ಅಂತಹ ಗುಳ್ಳೆಗಳನ್ನೇ ಚುಚ್ಚಿ, ಮೆದುಳಿನ ಒಂದು ಚಿಕ್ಕ ಜಾಗಕ್ಕೆ ಮಾತ್ರ ಅಲ್ಟ್ರಾಸೌಂಡ್ ಕೇಂದ್ರೀಕರಿಸಿದರು. ಭೂತಗನ್ನಡಿ ಬಿಸಿಲನ್ನು ಒಂದು ಚುಕ್ಕೆಗೆ ತರುವ ಹಾಗೆ. ಆ ಜಾಗದಲ್ಲಿ ಹರಿಯುವ ಗುಳ್ಳೆಗಳು ಶಬ್ದದ ತಾಳಕ್ಕೆ ಹಿಗ್ಗಿ ಕುಗ್ಗಿ, ನಾಳದ ಗೋಡೆಯನ್ನು ಒಳಗಿನಿಂದ ನೂಕಿ ಎಳೆದು, ಕಣಗಳ ಬಿಗಿತವನ್ನು ಸಡಿಲಿಸುತ್ತವೆ. ಆಗ ರಕ್ತದಲ್ಲಿರುವ ಔಷಧ ಒಳಗೆ ಇಳಿಯುತ್ತದೆ. ಸುಮಾರು ಒಂದು ದಿನದೊಳಗೆ ಸಂದು ಮತ್ತೆ ಮುಚ್ಚಿಕೊಳ್ಳುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ: ಅಲ್ಟ್ರಾಸೌಂಡ್ ಗಡ್ಡೆಯನ್ನು ಕೊಲ್ಲುವುದಿಲ್ಲ, ಬಾಗಿಲು ತೆರೆಯುತ್ತದೆ ಅಷ್ಟೆ. ಕೊಲ್ಲಬೇಕಾದ್ದು ಔಷಧವೇ. ಹಾಜಿಯವರಿಗೆ ಬಂದ ವಿಡಿಯೋ ತಪ್ಪಿದ್ದು ಇಲ್ಲಿ. ಶಬ್ದದ ಶಕ್ತಿ ಹೆಚ್ಚಿಸಿ ಮೆದುಳಿನ ಒಂದು ಬಿಂದುವನ್ನು ಸುಡುವ ಚಿಕಿತ್ಸೆಯೂ ಇದೆ. ಕೈನಡುಕದ ಒಂದು ರೋಗಕ್ಕೆ ಅಮೆರಿಕದಲ್ಲಿ 2016ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಇವೆರಡು ಬೇರೆ ಬೇರೆ.

ಮನುಷ್ಯರ ತಲೆಬುರುಡೆ ದಪ್ಪ, ಶಬ್ದ ಅದರಲ್ಲಿ ಚೆದುರಿಹೋಗುತ್ತದೆ. ಅದಕ್ಕಾಗಿ ಸಾವಿರಕ್ಕೂ ಹೆಚ್ಚು ಪುಟ್ಟ ಶಬ್ದಮೂಲಗಳಿರುವ ಹೆಲ್ಮೆಟ್ ಮಾಡಿದರು. ಪ್ರತಿಯೊಂದು ಅಲೆಯೂ ಬುರುಡೆಯ ದಪ್ಪಕ್ಕೆ ತಕ್ಕಂತೆ ಹೊಂದಿಕೊಂಡು ಒಂದೇ ಜಾಗದಲ್ಲಿ ಸೇರುವಂತೆ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ರೋಗಿ ಎಂ.ಆರ್.ಐ. ಯಂತ್ರದೊಳಗೆ ಎಚ್ಚರವಾಗಿಯೇ ಮಲಗಿರುತ್ತಾರೆ. ಶಕ್ತಿ ಅತಿಯಾದರೆ ಗುಳ್ಳೆ ಒಡೆದು ರಕ್ತಸ್ರಾವ ಆಗಬಹುದು, ಆದ್ದರಿಂದ ಗುಳ್ಳೆಗಳ ಸದ್ದನ್ನು ಯಂತ್ರವೇ ಆಲಿಸಿ ಶಕ್ತಿಯನ್ನು ಹದದಲ್ಲಿಡುತ್ತದೆ.

2015ರಲ್ಲಿ ಕೆನಡಾದ ಟೊರಾಂಟೋದ ಸನ್ನಿಬ್ರೂಕ್ ಆಸ್ಪತ್ರೆಯಲ್ಲಿ ಮೆದುಳುಗಡ್ಡೆಯ ರೋಗಿಯೊಬ್ಬರಿಗೆ ತಲೆ ಕೊಯ್ಯದೆ ಹೀಗೆ ಮಾಡಿ ಕೀಮೋ ಔಷಧ ಕೊಟ್ಟರು. ಪ್ಯಾರಿಸ್‌ನಲ್ಲಿ ಅಲೆಕ್ಸಾಂಡರ್ ಕಾರ್ಪೆಂಟಿಯರ್ ಅವರ ತಂಡ ಬುರುಡೆಯಲ್ಲೇ ಕೂರಿಸುವ ಸಣ್ಣ ಸಾಧನ ಬಳಸಿತು. ಸ್ತನ ಕ್ಯಾನ್ಸರ್ ಮೆದುಳಿಗೆ ಹರಡಿದ ನಾಲ್ವರಿಗೆ ಟ್ರಾಸ್ಟುಜುಮಾಬ್ ಔಷಧ ಹೀಗೆ ತಲುಪಿದ್ದನ್ನು ಸನ್ನಿಬ್ರೂಕ್ ತಂಡ 2021ರಲ್ಲಿ ತೋರಿಸಿತು. ಮರೆವಿನ ರೋಗ ಅಲ್ಝೈಮರ್‌ನಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ವೈದ್ಯರು 2024ರ ಜನವರಿಯಲ್ಲಿ ಮೂವರ ವರದಿ ಕೊಟ್ಟರು: ಔಷಧದ ಜೊತೆ ಅಲ್ಟ್ರಾಸೌಂಡ್ ಬಿದ್ದ ಭಾಗದಲ್ಲಿ ಕೆಟ್ಟ ಪ್ರೋಟೀನ್, ಬೀಳದ ಭಾಗಕ್ಕಿಂತ ಹೆಚ್ಚು ಕರಗಿತ್ತು. ಆದರೆ ಒಬ್ಬರು, ನಾಲ್ವರು, ಮೂವರು ಎಂಬ ಸಂಖ್ಯೆಗಳನ್ನು ನೋಡಿ. ಬಾಗಿಲು ತೆರೆಯಬಹುದು, ಔಷಧ ಒಳಗೆ ಹೋಗುತ್ತದೆ ಎಂಬುದು ಇವುಗಳಿಂದ ಗೊತ್ತಾಗಿದೆ. ರೋಗಿ ಹೆಚ್ಚು ಕಾಲ ಬದುಕುತ್ತಾರೆ, ಮರೆವು ವಾಸಿಯಾಗುತ್ತದೆ ಎಂದು ಹೇಳಲು ಇಷ್ಟು ಸಾಲದು.

ಹಾಜಿಯವರಿಗೆ ನಾನು ಹೇಳಿದ್ದು ಇಷ್ಟು. ಈಗ ನಡೆಯುತ್ತಿರುವ ರೇಡಿಯೇಶನ್, ಮಾತ್ರೆ ಒಂದು ದಿನವೂ ತಪ್ಪಬಾರದು. ಇಂತಹ ಪ್ರಯೋಗ ನಮ್ಮ ದೇಶದಲ್ಲಿ ಎಲ್ಲಾದರೂ ನಡೆಯುತ್ತಿದೆಯೇ, ಅಳಿಯ ಅದಕ್ಕೆ ಹೊಂದುತ್ತಾರೆಯೇ ಎಂದು ಅವರ ಕ್ಯಾನ್ಸರ್ ಡಾಕ್ಟರನ್ನೇ ಕೇಳಿ. ಭಾರತದಲ್ಲಿ ರೋಗಿಗಳ ಮೇಲಿನ ಔಷಧ ಪ್ರಯೋಗಗಳು ಸಿ.ಟಿ.ಆರ್.ಐ. ಎಂಬ ಸರಕಾರಿ ದಾಖಲೆಯಲ್ಲಿ ನಮೂದಾಗಿರಬೇಕು. ಆ ನೋಂದಣಿ ಸಂಖ್ಯೆ ಕೊಡದೆ, ಮುಂಗಡ ಹಣ ಕೇಳುವವರನ್ನು ನಂಬಿ ಮನೆಯ ಚಿನ್ನ ಅಡವಿಡಬೇಡಿ.

ಅವರು ಫೈಲಿನ ಹಿಂಬದಿಯಲ್ಲಿ ಎರಡೂ ಪ್ರಶ್ನೆಗಳನ್ನು ಬರೆದುಕೊಂಡರು. "ಸೋಮವಾರ ಡಾಕ್ಟ್ರನ್ನು ಕಾಣಲಿಕ್ಕಿದೆ, ಮಗಳನ್ನೂ ಕರಕೊಂಡು ಹೋಗ್ತೇನೆ. ನನಗಿಂತ ಅವಳೇ ಚೆನ್ನಾಗಿ ಕೇಳ್ತಾಳೆ" ಎಂದರು.