ವಾಕಿಂಗಿಗೆ ದಾರಿ, ಬೋಟಿಗೆ ದಂಡೆ

ಮಂಗಳೂರಿನ ಮೀನಿನ ಸಾರಿಗೆ ಬಣ್ಣ ಕೊಡೋದು ನಮ್ಮ ಬ್ಯಾಡಗಿ ಮೆಣಸಿನಕಾಯಿ. ಆ ಮೀನು ಇಳಿಯೋದೆಲ್ಲಿ? ಗುರುಪುರ ನದಿ ದಂಡೆಯ ಹಳೇ ಬಂದರಿನ ದಕ್ಕೆಯಲ್ಲಿ.

1974ರಲ್ಲಿ ಪಣಂಬೂರು ದೊಡ್ಡ ಬಂದರಾಯ್ತು, ಭಾರೀ ಹಡಗುಗಳು ಆ ಕಡೆ ತಿರುಗಿದವು. ಹಳೇ ಬಂದರಿಗೆ ಉಳಿದದ್ದು ಮೀನಿನ ಬೋಟು, ಲಕ್ಷದ್ವೀಪಕ್ಕೆ ಸಾಮಾನು ಒಯ್ಯೋ ಮಂಜಿ ಹಡಗು. ಕಡಿಮೆ ಅನ್ಕೋಬೇಡ್ರಿ! ಬೆಳಗಿನ ಜಾವ ಹೋಗಿ ನೋಡ್ರಿ: ಬೋಟಿನಿಂದ ಬುಟ್ಟಿ ಇಳೀತಿರ್ತವೆ, ಪಕ್ಕದಲ್ಲೇ ಮಂಜುಗಡ್ಡೆ ಪುಡಿಯಾಗ್ತಿರುತ್ತೆ, ಮೇಲೆ ಹರಾಜಿನ ಕೂಗು.

ಈಗ ಊರಿನ ಕಣ್ಣು ನದಿ ದಂಡೆ ಮೇಲೆ. ನೇತ್ರಾವತಿ ಪಕ್ಕ ಸ್ಮಾರ್ಟ್ ಸಿಟಿಯ ವಾಕಿಂಗ್ ಪಥ. ಚೆಂದವೇ, ಬೇಡ ಅನ್ನೋರಾರು? ಆದರೆ ವಾಕಿಂಗ್ ಎಲ್ಲಾದರೂ ಆದೀತು, ಬೋಟ್ ರಿಪೇರಿಗೆ ನೀರಂಚೇ ಬೇಕು. ಇನ್ನು ಗುರುಪುರ, ನೇತ್ರಾವತಿ ಎರಡೂ ನದಿ ಕಡಲು ಸೇರೋ ಬೆಂಗ್ರೆ ಅಳಿವೆಯಲ್ಲಿ ಹೂಳು ತುಂಬಿದರೆ ಬೋಟಿಗೇ ಅಪಾಯ. ದಂಡೆಗೆ ಟೈಲ್ಸ್ ಆಮೇಲೆ ಹಾಕಲಿ, ಮೊದಲು ಹೂಳೆತ್ತಲಿ.