ಪತ್ರ ಹೇಳದ್ದನ್ನು ಗೋಡೆ ಹೇಳುತ್ತದೆ

ಹಿರಿಯೂರಿನ ಮಗ್ಗುಲಲ್ಲಿರುವ ಬಬ್ಬೂರು, ಕೃಷಿ ಮತ್ತು ತೋಟಗಾರಿಕೆ ಸಂಶೋಧನೆ ನಡೆಯುವ ‘ಬಬ್ಬೂರು ಫಾರಂ’ನಿಂದ ಹೆಸರಾದ ಊರು. ಇಲ್ಲಿನ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ರೈತನಿಗೆ ಅದು ತೇವ ಹಿಡಿದಿಡುವ ಒಳ್ಳೆಯ ಮಣ್ಣು. ಕಟ್ಟಡದ ಒಡೆಯನಿಗೆ ಅದೇ ಮಣ್ಣು ತಲೆನೋವು. ಎರಡು ರಾಷ್ಟ್ರೀಯ ಹೆದ್ದಾರಿಗಳು ಸಂಧಿಸುವ ಹಿರಿಯೂರಿನಂಥ ಊರಿನಲ್ಲಿ ಅಂಗಡಿ ಮಳಿಗೆ, ಗೋದಾಮು, ವಸತಿಗೃಹ, ಕಲ್ಯಾಣ ಮಂಟಪಗಳು ಕೈಯಿಂದ ಕೈಗೆ ಬದಲಾಗುವುದು ಸಹಜ. ಕೊಳ್ಳುವವರು ಕಾಗದ ಪತ್ರಗಳನ್ನು ವಕೀಲರಿಂದ ಓದಿಸುತ್ತಾರೆ. ಗೋಡೆಯನ್ನು ಓದಿಸುವವರು ಮಾತ್ರ ಕಡಿಮೆ.

ಇದು ಹಳೆಯ ರೂಢಿಯೇ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಹಸ್ತಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಕಟ್ಟಡ ಮಾರಾಟದ ನಿಯಮಗಳಿವೆ. ಬಂಧುಗಳು, ನೆರೆಯವರು, ಸಾಲ ಕೊಟ್ಟವರು ಈ ಕ್ರಮದಲ್ಲಿ ಕೊಳ್ಳುವ ಹಕ್ಕು ಪಡೆಯುತ್ತಾರೆ. ನೆರೆಹೊರೆಯ ನಲವತ್ತು ಕುಟುಂಬಗಳ ಎದುರು ಮಾರಾಟವನ್ನು ಸಾರಬೇಕು. ಹಿರಿಯರ ಮುಂದೆ ಎಲ್ಲೆಗಳನ್ನು ಸರಿಯಾಗಿ ಹೇಳಬೇಕು. ಎಲ್ಲೆಯ ಜಗಳ ತಪ್ಪಿಸಲು ಇಷ್ಟು ಸಾಕು. ಆದರೆ ಸಾಕ್ಷಿಗಳು ಎಷ್ಟೇ ಜನರಿದ್ದರೂ ತೊಲೆಯೊಳಗಿನ ತುಕ್ಕು ಅವರಿಗೆ ಕಾಣಿಸುವುದಿಲ್ಲ.

ಇಂದಿನ ಕಾನೂನು ಒಂದು ಹೆಜ್ಜೆ ಮುಂದೆ ಹೋಗಿದೆ. ಬೇರೆ ಒಪ್ಪಂದವಿಲ್ಲದಿದ್ದರೆ, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ತಿಳಿಯಲಾರದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು ಎನ್ನುತ್ತದೆ, 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಂ. ಇದರ ಇನ್ನೊಂದು ಮಗ್ಗುಲನ್ನೂ ಗಮನಿಸಬೇಕು. ಕಣ್ಣಿಗೆ ಕಾಣುವ ದೋಷವನ್ನು ನೋಡಿಕೊಳ್ಳುವ ಹೊಣೆ ಕೊಳ್ಳುವವನದೇ. ಋಣಭಾರ ಪತ್ರ ಸಾಲವನ್ನು ತೋರಿಸುತ್ತದೆ, ಬಿರುಕನ್ನಲ್ಲ.

ಎಲ್ಲ ಬಿರುಕೂ ಒಂದೇ ಅಲ್ಲ. ಗಾರೆಯ ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆಯ ಗೆರೆಗಳು ಸಾಮಾನ್ಯವಾಗಿ ಮೇಲ್ಪದರದವು. ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಏರುವ ಬಿರುಕು ತಳಪಾಯ ಅಲುಗಿರುವುದರ ಸೂಚನೆಯಾಗಿರಬಹುದು. ಎರೆಭೂಮಿಯಲ್ಲಿ ಇದು ಸಾಮಾನ್ಯ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಅಂಟಿಸಿ ತಾರೀಖು ಬರೆದಿಟ್ಟರೆ, ಗಾಜು ಒಡೆದ ದಿನ ಗೋಡೆ ಇನ್ನೂ ಚಲಿಸುತ್ತಿದೆ ಎಂಬುದು ಖಚಿತವಾಗುತ್ತದೆ. ಇಂಥ ಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಗಂಟಿನಂತೆ ಉಬ್ಬಿದ ಕಾಂಕ್ರೀಟ್ ಕಂಬಗಳ ತಳಪಾಯವನ್ನು ಬಳಕೆಗೆ ತಂದಿತು. ಮೇಲಿನ ಮಣ್ಣು ಉಬ್ಬಿದರೂ ಇಳಿದರೂ, ತೇವ ಹೆಚ್ಚು ಬದಲಾಗದ ಆಳದಲ್ಲಿ ಆ ಗಂಟು ಭದ್ರವಾಗಿ ನಿಲ್ಲುತ್ತದೆ. ಕೊಳ್ಳುವ ಕಟ್ಟಡದ ತಳಪಾಯ ಯಾವ ಬಗೆಯದೆಂದು ಕೇಳುವುದು ಮೊದಲ ಪ್ರಶ್ನೆಯಾಗಬೇಕು.

ಮುಂದಿನ ಪ್ರಶ್ನೆಗಳು ಕಟ್ಟಡದ ಉದ್ಯೋಗವನ್ನು ಅವಲಂಬಿಸಿವೆ. ಅಂಗಡಿ ಮಳಿಗೆಯಲ್ಲಿ ಶಟರ್‌ಗಾಗಿ, ವಿಸ್ತಾರಕ್ಕಾಗಿ ಕೆಳಗಿನ ಗೋಡೆಗಳನ್ನು ತೆಗೆದಿರುತ್ತಾರೆ. ಆ ಗೋಡೆ ಭಾರ ಹೊರುತ್ತಿತ್ತೇ, ಎರಡು ಅಂತಸ್ತಿಗೆಂದು ಹಾಕಿದ ತಳಪಾಯದ ಮೇಲೆ ನಾಲ್ಕು ಎದ್ದಿವೆಯೇ ಎಂದು ಮೂಲ ನಕ್ಷೆಯೊಡನೆ ಹೋಲಿಸಬೇಕು. ಗೋದಾಮಿನಲ್ಲಿ ನೆಲದ ಎತ್ತರ, ತೇವ, ಗಾಳಿಯ ದಾರಿ ಮುಖ್ಯ; ಗೋಡೆಗೆ ಒರಗಿಸಿ ಪೇರಿಸಿದ ಮೂಟೆಗಳು ಗೋಡೆಯನ್ನು ಹೊರಕ್ಕೆ ತಳ್ಳುತ್ತವೆ, ತೂಗುಗುಂಡು ಬಿಟ್ಟರೆ ವಾಲಿದ್ದು ಗೊತ್ತಾಗುತ್ತದೆ. ಎಣ್ಣೆ ಗಿರಣಿ, ಹತ್ತಿ ಜಿನ್ನಿಂಗ್ ಗಿರಣಿಗಳಲ್ಲಿ ಯಂತ್ರದ ಅದುರಾಟ ಗೋಡೆಯನ್ನು ಸಡಿಲಿಸುತ್ತದೆ. ಎಣ್ಣೆ ಕುಡಿದ ನೆಲ, ತಂತಿಗಳ ಮೇಲೆ ಕೂತ ಹತ್ತಿಯ ನವಿರು ಬೆಂಕಿಗೆ ಆಹ್ವಾನ. ವಸತಿಗೃಹದಲ್ಲಿ ಸ್ನಾನದ ಮನೆಗಳ ಕೆಳಗಿನ ಚಾವಣಿಯನ್ನು ನೋಡಬೇಕು. ಅಲ್ಲಿ ಕಂದು ಕಲೆಯಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತಿರಬಹುದು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಅದು ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಎಂಜಿನಿಯರನ್ನು ಕರೆಸಬೇಕು.

ಜನ ಸೇರುವ ಕಲ್ಯಾಣ ಮಂಟಪ, ಚಿತ್ರಮಂದಿರ, ಕಚೇರಿ ಸಂಕೀರ್ಣಗಳಲ್ಲಿ ಮೊದಲು ನೋಡಬೇಕಾದದ್ದು ಹೊರಹೋಗುವ ದಾರಿ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು ಬೆಂಕಿ ಬಿದ್ದಾಗ ಹೊಗೆಯಲ್ಲಿ ಸಿಲುಕಿದವರು ಮಹಡಿಯಿಂದ ಹಾರಿದರು. ಒಂಬತ್ತು ಜನ ಸತ್ತರು. ತುರ್ತು ಬಾಗಿಲಿಗೆ ಬೀಗವಿದೆಯೇ, ಮೆಟ್ಟಿಲ ಕೆಳಗೆ ಸಾಮಾನು ತುಂಬಿದೆಯೇ ಎಂದು ನೋಡಲು ಯಾವ ಉಪಕರಣವೂ ಬೇಡ. ಹೊಸದೆಂದ ಮಾತ್ರಕ್ಕೆ ಕಟ್ಟಡ ಗಟ್ಟಿಯೆಂದೂ ಅಲ್ಲ. 1983ರಲ್ಲಿ ಬೆಂಗಳೂರಿನ ಗಂಗಾರಾಂ ಕಟ್ಟಡ, 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದ ವಾಣಿಜ್ಯ ಕಟ್ಟಡ ಎರಡೂ ಕಟ್ಟುತ್ತಿರುವಾಗಲೇ ಕುಸಿದವು. ಮೊದಲನೆಯದರಲ್ಲಿ ನೂರಕ್ಕೂ ಹೆಚ್ಚು, ಎರಡನೆಯದರಲ್ಲಿ 19 ಜನ ಪ್ರಾಣ ಕಳೆದುಕೊಂಡರು.

ಹಿರಿಯೂರು ಸೀಮೆಗೆ ಇನ್ನೊಂದು ಪಾಠವಿದೆ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಇಷ್ಟು ಕಾಲ ನೀರು ಬಾರದ ಜಾಗವನ್ನು ಯಾರಾದರೂ ಒಣ ಜಾಗವೆಂದೇ ನಂಬಿಯಾರು. ವೇದಾವತಿಯ ತಗ್ಗಿನಲ್ಲಿ ಗೋದಾಮು ಕೊಳ್ಳುವವರು ಗೋಡೆಯ ಮೇಲಿನ ನೀರಿನ ಗೆರೆಯನ್ನು ಹುಡುಕಬೇಕು. ಹೊಸ ಸುಣ್ಣ ಬಳಿದಿದ್ದರೆ ನೆರೆಯ ಹಿರಿಯರನ್ನು ಕೇಳಬೇಕು. ನೆರೆಯವರ ಎದುರು ಮಾರಾಟವನ್ನು ಸಾರಬೇಕೆಂಬ ಹಳೆಯ ನಿಯಮಕ್ಕೆ ಈ ಬೆಲೆಯೂ ಇದೆ.

ಕೊಂಡ ಮೇಲೂ ಕೆಲಸ ಮುಗಿಯುವುದಿಲ್ಲ. ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ತಾರಸಿ, ನೀರಿನ ಕೊಳವೆ, ಬಿರುಕು, ವಿದ್ಯುತ್ ತಂತಿಗಳನ್ನು ನೋಡಿ ಒಂದು ಪುಸ್ತಕದಲ್ಲಿ ತಾರೀಖು ಸಹಿತ ಬರೆದಿಡುವುದು ಒಡೆಯನ ಕೆಲಸ. ಮುಂದೆ ಮಾರುವ ದಿನ ಬಂದಾಗ ಆ ಪುಸ್ತಕವೂ ಕ್ರಯಪತ್ರದ ಜೊತೆಗೆ ಹೊಸಬರ ಕೈಗೆ ಹೋಗಲಿ.