ಒಂದು ಪಿಟೀಲು ಮಟ್ಟಿನ ಕಥೆ

ಜನಪದ ಗೀತೆಯನ್ನು ಹಾಡುವವರು ಅನೇಕರು. ಅದನ್ನು ಕಟ್ಟಿದವರು ಯಾರೆಂದು ಕೇಳಿದರೆ ಉತ್ತರ ದೊರೆಯುವುದು ಅಪರೂಪ. ತಲೆಮಾರಿನಿಂದ ತಲೆಮಾರಿಗೆ, ಊರಿನಿಂದ ಊರಿಗೆ ಸಾಗಿ ಬರುವಾಗ ಕರ್ತೃವಿನ ಹೆಸರು ಅಳಿದು ಹಾಡು ಮಾತ್ರ ಉಳಿಯುತ್ತದೆ. ಆದುದರಿಂದಲೇ ಜನಪದ ಸಂಗೀತವು ಎಲ್ಲರ ಸೊತ್ತು ಎನ್ನುತ್ತೇವೆ. ಆದರೆ ಎಲ್ಲರ ಸೊತ್ತಾದ ಮಾತ್ರಕ್ಕೆ ಅದರಲ್ಲಿ ಒಬ್ಬ ಕಲಾವಿದನ ಪಾಲು ಏನೂ ಇಲ್ಲವೆ? ಅಮೆರಿಕದ ಒಂದು ಹಳೆಯ ಪಿಟೀಲು ಮಟ್ಟಿನ ಚರಿತ್ರೆ ಈ ಪ್ರಶ್ನೆಗೆ ಉತ್ತರ ನೀಡುತ್ತದೆ.

ಆ ಮಟ್ಟಿನ ಹೆಸರು 'ಬೋನಪಾರ್ಟ್ಸ್ ರಿಟ್ರೀಟ್'. ಎಂದರೆ, ಬೋನಪಾರ್ಟನ ಹಿಮ್ಮೆಟ್ಟುವಿಕೆ. ಫ್ರಾನ್ಸಿನ ಚಕ್ರವರ್ತಿ ನೆಪೋಲಿಯನ್ ಬೋನಪಾರ್ಟ್ 1812ರಲ್ಲಿ ರಷ್ಯದ ಮೇಲೆ ದಂಡೆತ್ತಿ ಹೋಗಿ ಮಾಸ್ಕೋ ನಗರವನ್ನು ಹಿಡಿದನು. ಆದರೆ ಅಲ್ಲಿ ನೆಲೆನಿಲ್ಲಲಾರದೆ, ಹಸಿವು ಚಳಿಗಳಿಗೆ ತನ್ನ ಸೈನ್ಯದ ಬಹುಭಾಗವನ್ನು ಬಲಿಕೊಟ್ಟು ಹಿಂದಿರುಗಿದನು. 1815ರಲ್ಲಿ ವಾಟರ್‌ಲೂ ಕದನದಲ್ಲಿ ಅವನ ಪತನ ಪೂರ್ಣವಾಯಿತು. ಅಷ್ಟು ದೊಡ್ಡ ವೀರನ ಏಳುಬೀಳುಗಳು ಸಾಗರದಾಚೆಯ ಜನರ ಕಲ್ಪನೆಯನ್ನೂ ಸೆಳೆದವು. ಅವನ ಹೆಸರನ್ನು ಹೊತ್ತ ಪಿಟೀಲು ಮಟ್ಟುಗಳು ಅಮೆರಿಕದಲ್ಲಿ ಹಲವಾರು ಇವೆ.

ಅಮೆರಿಕದ ಪೂರ್ವಭಾಗದಲ್ಲಿ ಅಪಲೇಷಿಯನ್ ಎಂಬ ಪರ್ವತಶ್ರೇಣಿಯಿದೆ. ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ಮತ್ತು ಇಂಗ್ಲೆಂಡುಗಳಿಂದ ವಲಸೆ ಬಂದ ಅನೇಕ ಕುಟುಂಬಗಳು ಅದರ ಕಣಿವೆಗಳಲ್ಲಿ ನೆಲಸಿದವು. ಅವರೊಡನೆ ಅವರ ಪಿಟೀಲೂ ಬಂದಿತು. ವಾದ್ಯ ನಮ್ಮ ಕಚೇರಿಗಳಲ್ಲಿ ಕೇಳುವ ಪಿಟೀಲೇ. ನುಡಿಸುವ ರೀತಿ ಮಾತ್ರ ಬೇರೆ. ಬೋನಪಾರ್ಟನ ಮಟ್ಟನ್ನು ನುಡಿಸುವಾಗ ಅಲ್ಲಿಯ ವಾದಕರು ಅತ್ಯಂತ ಮಂದ್ರವಾದ ತಂತಿಯನ್ನು ಇನ್ನೂ ಕೆಳಕ್ಕೆ ಇಳಿಸಿಕೊಳ್ಳುವುದುಂಟು. ಮೇಲಿನ ತಂತಿಯಲ್ಲಿ ಮಟ್ಟು ನಡೆಯುತ್ತಿರುವಾಗ ಕೆಳಗಿನ ತಂತಿ ತಂಬೂರಿಯ ಶ್ರುತಿಯಂತೆ ಎಡೆಬಿಡದೆ ಮೊಳಗುತ್ತದೆ. ಅದನ್ನು ಕೇಳಿದಾಗ ಸ್ಕಾಟ್ಲೆಂಡಿನ ಚೀಲವಾದ್ಯವಾದ ಬ್ಯಾಗ್‌ಪೈಪಿನ ನಾದ ನೆನಪಾಗುತ್ತದೆ. ಸೋತ ಸೈನ್ಯದ ಭಾರವಾದ ಹೆಜ್ಜೆಗೆ ತಕ್ಕಂತೆ ಈ ಮಟ್ಟನ್ನು ನಿಧಾನವಾಗಿ ನುಡಿಸುವುದೇ ಹಲವರ ರೂಢಿಯಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಧ್ವನಿಮುದ್ರಣ ವ್ಯಾಪಕ ಬಳಕೆಗೆ ಬಂದಿತು. 1924ರಲ್ಲಿ ಜಾರ್ಜಿಯ ರಾಜ್ಯದ ಎ. ಎ. ಗ್ರೇ ಎಂಬ ವಾದಕನು ನುಡಿಸಿದ ಈ ಮಟ್ಟು ಗ್ರಾಮಫೋನ್ ತಟ್ಟೆಯಾಗಿ ಮಾರಾಟಕ್ಕೆ ಬಂದಿತು. ಆದರೆ ಈ ಮಟ್ಟಿನ ಭಾಗ್ಯ ತೆರೆದುದು 1937ರಲ್ಲಿ. ಆ ವರ್ಷ ಅಲನ್ ಲೋಮ್ಯಾಕ್ಸ್ ಎಂಬ ಇಪ್ಪತ್ತೆರಡು ವರ್ಷದ ತರುಣನು ತನ್ನ ಪತ್ನಿ ಎಲಿಜಬೆತ್‌ಳೊಡನೆ ಕೆಂಟಕಿ ರಾಜ್ಯದ ಗುಡ್ಡಗಾಡುಗಳಲ್ಲಿ ಸಂಚರಿಸಿದನು. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ರಾಷ್ಟ್ರೀಯ ಗ್ರಂಥಾಲಯಕ್ಕಾಗಿ ಜನಪದ ಸಂಗೀತವನ್ನು ಸಂಗ್ರಹಿಸುವುದು ಅವರ ಕಾರ್ಯ. ತಟ್ಟೆಯ ಮೇಲೆ ಧ್ವನಿಯನ್ನು ಕೊರೆಯುವ ಯಂತ್ರವು ಅವರ ಜೊತೆಯಲ್ಲಿತ್ತು. ಅಕ್ಟೋಬರ್ ತಿಂಗಳಲ್ಲಿ ಸೇಲಿಯರ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ವಿಲಿಯಂ ಸ್ಟೆಪ್ ಎಂಬ ಅರವತ್ತು ದಾಟಿದ ಪಿಟೀಲುಗಾರನು ಅವರ ಮುಂದೆ ನುಡಿಸಿದನು.

ಸ್ಟೆಪ್ಪನ ಕೈಯಲ್ಲಿ ಆ ಮಟ್ಟು ಹೊಸ ಜನ್ಮವನ್ನೇ ಪಡೆದಿತ್ತು. ಸೈನಿಕರ ನಿಧಾನ ನಡೆಯನ್ನು ಅವನು ಕುಣಿತದ ವೇಗಕ್ಕೆ ಏರಿಸಿದ್ದನು. ಶೋಕದ ಜಾಗದಲ್ಲಿ ಈಗ ಉಲ್ಲಾಸವಿತ್ತು. ಮಟ್ಟು ಪೂರ್ವಿಕರದು, ಆದರೆ ಈ ನಡೆ, ಈ ಕಮಾನಿನ ಬೀಸು, ಈ ಲಯ ಸ್ಟೆಪ್ಪನವು.

ರೂತ್ ಕ್ರಾಫರ್ಡ್ ಸೀಗರ್ ಎಂಬ ಸಂಗೀತ ವಿದುಷಿ ಆ ತಟ್ಟೆಯನ್ನು ಮತ್ತೆ ಮತ್ತೆ ಕೇಳಿ, ಪ್ರತಿಯೊಂದು ಸ್ವರವನ್ನೂ ಲಿಪಿಗಿಳಿಸಿದಳು. ಅದು 1941ರಲ್ಲಿ ಲೋಮ್ಯಾಕ್ಸ್ ತಂದೆಮಕ್ಕಳು ಪ್ರಕಟಿಸಿದ 'ಅವರ್ ಸಿಂಗಿಂಗ್ ಕಂಟ್ರಿ' ಎಂಬ ಗ್ರಂಥದಲ್ಲಿ ಅಚ್ಚಾಯಿತು. ಪ್ರಸಿದ್ಧ ಸಂಗೀತಕಾರ ಏರನ್ ಕೋಪ್ಲೆಂಡನು ಆ ಪುಟದಿಂದ ಮಟ್ಟನ್ನು ಎತ್ತಿಕೊಂಡು, ತನ್ನ 'ರೋಡಿಯೋ' ಎಂಬ ನೃತ್ಯನಾಟಕದ ಕೊನೆಯ ಭಾಗವಾದ 'ಹೋಡೌನ್'ನಲ್ಲಿ ಬಹುಮಟ್ಟಿಗೆ ಹಾಗೆಯೇ ಅಳವಡಿಸಿದನು. 1942ರ ಅಕ್ಟೋಬರ್ 16ರಂದು ನ್ಯೂಯಾರ್ಕ್ ನಗರದಲ್ಲಿ ಅದರ ಪ್ರಥಮ ಪ್ರದರ್ಶನವಾಯಿತು. ದೊಡ್ಡ ವಾದ್ಯವೃಂದದ ನುಡಿಸಾಣಿಕೆಯಲ್ಲಿ ಮಟ್ಟು ಲೋಕಪ್ರಸಿದ್ಧವಾಯಿತು. 1990ರ ದಶಕದಲ್ಲಿ ದೂರದರ್ಶನದ ಜಾಹೀರಾತಿಗೂ ಅದು ಹಿನ್ನೆಲೆಯಾಯಿತು. ಕೇಳಿದವರೆಲ್ಲ ಅದನ್ನು ಕೋಪ್ಲೆಂಡನ ಸಂಗೀತವೆಂದೇ ತಿಳಿದರು. ಸ್ಟೆಪ್ಪನ ಹೆಸರು ಅವರ ಕಿವಿಗೆ ಬೀಳಲಿಲ್ಲ. ಅವನು 1957ರಲ್ಲಿ ತೀರಿಕೊಂಡನು.

ಹಾಗಾದರೆ ಆ ಹೆಸರು ಮರಳಿ ಬೆಳಕಿಗೆ ಬಂದುದು ಹೇಗೆ? ತಟ್ಟೆ ಗ್ರಂಥಾಲಯದಲ್ಲಿ ಸುರಕ್ಷಿತವಾಗಿತ್ತು. ನುಡಿಸಿದವನ ಹೆಸರನ್ನೂ ಊರನ್ನೂ ಸಂಗ್ರಹಕಾರರು ತಪ್ಪದೆ ಗುರುತುಹಾಕಿಕೊಂಡಿದ್ದರು. ತಟ್ಟೆಯ ಧ್ವನಿಯನ್ನೂ ಕೋಪ್ಲೆಂಡನ ಕೃತಿಯನ್ನೂ ಒಟ್ಟಿಗೆ ಕೇಳಿದವರಿಗೆ ಸಂಬಂಧ ಸ್ಪಷ್ಟವಾಗುತ್ತಿತ್ತು. ಸ್ಟೀಫನ್ ವೇಡ್ ಎಂಬ ಸಂಗೀತಗಾರನು ಸ್ಟೆಪ್ಪನ ಜೀವನವನ್ನು ಶೋಧಿಸಿ, 2012ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರವಾಗಿ ನಿರೂಪಿಸಿದನು. 2016ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಸ್ಟೆಪ್ಪನ ಆ ಧ್ವನಿಮುದ್ರಣವನ್ನು ರಾಷ್ಟ್ರವು ಕಾಪಾಡಬೇಕಾದ ಮಹತ್ತ್ವದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು.

ಮಟ್ಟನ್ನು ಮೊದಲು ಕಟ್ಟಿದವನ ಹೆಸರು ಕಾಲಗರ್ಭದಲ್ಲಿ ಅಡಗಿದೆ. ಏಕೆಂದರೆ ಅದನ್ನು ಬರೆದಿಟ್ಟವರಿಲ್ಲ. ಸ್ಟೆಪ್ಪನ ಹೆಸರು ಎಂಬತ್ತು ವರ್ಷಗಳ ಅನಂತರವೂ ಬೆಳಗಿತು. ಏಕೆಂದರೆ ಒಬ್ಬರು ಅದನ್ನು ಬರೆದಿಟ್ಟರು. ಜನಪದ ಸಂಗೀತ ಎಲ್ಲರದು ನಿಜ. ಆದರೆ ಅದನ್ನು ಜೀವಂತವಾಗಿ ಇರಿಸುವವನು ಪ್ರತಿಯೊಂದು ತಲೆಮಾರಿನಲ್ಲಿಯೂ ಒಬ್ಬ ಮನುಷ್ಯ. ಅವನಿಗೊಂದು ಹೆಸರಿದೆ, ಊರಿದೆ. ಹಾಡನ್ನು ಕಲಿತುಕೊಳ್ಳುವವರು ಆ ಹೆಸರನ್ನೂ ಕೇಳಿ ತಿಳಿದುಕೊಳ್ಳುವುದು ಕಲೆಗೆ ಸಲ್ಲಿಸುವ ಗೌರವವಾಗಿದೆ.